ನಿಧಾನರಾಯರು

ವಿದೇಶಕ್ಕೆ ಹೋಗಿ ಬಂದವರಲ್ಲಿ ಹಳೆಯ ತಳಿಯೊಂದಿತ್ತು. ಕಂಪನಿ ಖರ್ಚಿನಲ್ಲಿ ಜರ್ಮನಿಗೋ ಜಪಾನಿಗೋ ಹೋಗಿ ಬಂದು, ಅಲ್ಲಿನ ರೈಲು ಸೆಕೆಂಡು ತಪ್ಪದೆ ಬರುತ್ತದೆ ಎಂಬುದನ್ನು ಆಮೇಲಿನ ಮೂವತ್ತು ವರ್ಷ ನಮ್ಮ ಪ್ಲಾಟ್‌ಫಾರ್ಮುಗಳ ಮೇಲೆ ನಿಂತು ಸಾರುತ್ತಿದ್ದವರು. ಮದುವೆಮನೆಯಲ್ಲಿ ಧಾರೆ ಹತ್ತು ನಿಮಿಷ ತಡವಾದರೆ ವಾಚು ನೋಡಿಕೊಂಡು ‘ಛೆ’ ಅನ್ನುತ್ತಿದ್ದರು. ಆ ತಳಿ ಈಗ ವಿರಳ. ಅದರ ಜಾಗಕ್ಕೆ ಬಂದಿರುವವರೂ ವಿದೇಶದಿಂದಲೇ ಬಂದವರು, ನಮ್ಮನ್ನು ನೋಡಿ ‘ಛೆ’ ಅನ್ನುವವರೇ. ಆದರೆ ಆಕ್ಷೇಪಣೆ ಮಾತ್ರ ಪೂರ್ತಿ ತಿರುಗಾಮುರುಗಾ. ನಾವು ವಿಪರೀತ ಅವಸರದವರಂತೆ. ಬದುಕುವುದೇ ಗೊತ್ತಿಲ್ಲವಂತೆ. ಸುಮ್ಮನೆ ಕೂರುವುದನ್ನು ಕಲಿಯಬೇಕಾದರೆ ಯುರೋಪಿಗೇ ಹೋಗಬೇಕಂತೆ.

ನಾಸಿಕದ ನಮ್ಮ ಕಾಲೊನಿಯಲ್ಲಿ ಈ ತಳಿಯ ಒಬ್ಬರಿದ್ದಾರೆ. ತಂದೆತಾಯಿ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿದೆ. ಊರು ಇಟ್ಟದ್ದು ನಿಧಾನರಾಯರು ಅಂತ. ಬೆಂಗಳೂರಿನಿಂದ ವರ್ಗವಾಗಿ ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ಬಂದು ಇಲ್ಲೇ ನೆಲೆ ನಿಂತ ಅನೇಕ ಕನ್ನಡ ಸಂಸಾರಗಳಲ್ಲಿ ಇವರದೂ ಒಂದು. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದ ಕಾರ್ಖಾನೆ ಅದು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ಮಿಗ್-21ರ ನಟ್ಟು ಬೋಲ್ಟು ಬಿಗಿಯುತ್ತ ರಾಯರ ಯೌವನ ಕಳೆಯಿತು. ಮನೆಯಲ್ಲೂ ಅದೇ ವೇಗ. ಫ್ಯಾಕ್ಟರಿ ಬಸ್ಸು ಮೂಲೆಗೆ ಬರುವ ಹೊತ್ತಿಗೆ ಉಪ್ಪಿಟ್ಟು ಡಬ್ಬಿಯಲ್ಲಿ ಇರಬೇಕು, ಇಲ್ಲವಾದರೆ ಡಬ್ಬಿಯಿಲ್ಲದೆ ಹೊರಟೇಬಿಡುವರು. ಹೆಂಡತಿ ಹೆರಿಗೆಗೆ ಹೋದಾಗ ಆಸ್ಪತ್ರೆಯಲ್ಲಿ ‘ಅಂದಾಜು ಎಷ್ಟು ಗಂಟೆಗೆ?’ ಎಂದು ಕೇಳಿ ದಾದಿಯಿಂದ ಬೈಸಿಕೊಂಡವರು. ಮಿಗ್-21 ವಾಯುಪಡೆಯಿಂದ ನಿವೃತ್ತವಾದದ್ದು 2025ರ ಸೆಪ್ಟೆಂಬರಿನಲ್ಲಿ. ರಾಯರು ಅದಕ್ಕಿಂತ ಮೊದಲೇ ನಿವೃತ್ತರಾಗಿದ್ದರು, ಅಲ್ಲೂ ಅವಸರ.

ಮಗಳು ಲಿಸ್ಬನ್‌ನಲ್ಲಿ ಕೆಲಸಕ್ಕೆ ಸೇರಿದಳು. ಜುಲೈ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಒಂದು ಶನಿವಾರ ಎರಿಸೇರಾ ಎಂಬ ಊರಿಗೆ ಕರೆದೊಯ್ದಳು. ಅಟ್ಲಾಂಟಿಕ್ ದಂಡೆಯ ಬಂಡೆಯ ಮೇಲೆ ಕೂತ ಹಳೆಯ ಬೆಸ್ತರ ಊರು ಅದು, ಲಿಸ್ಬನ್ನಿನಿಂದ ಗಂಟೆಯೊಳಗಿನ ದಾರಿ. ಸುತ್ತಲಿನ ಕಡಲತೀರವನ್ನು 2011ರಲ್ಲಿ ವಿಶ್ವ ಸರ್ಫಿಂಗ್ ಮೀಸಲು ತಾಣ ಎಂದು ಘೋಷಿಸಿದರು, ಯುರೋಪಿನಲ್ಲಿ ಆ ಮನ್ನಣೆ ಮೊದಲು ಸಿಕ್ಕಿದ್ದು ಅದಕ್ಕೇ. ಅಲ್ಲಿಂದೀಚೆಗೆ ದೇಶದೇಶದ ಹುಡುಗರು ಹಲಗೆ ಬಗಲಲ್ಲಿಟ್ಟುಕೊಂಡು ಬರಿಗಾಲಲ್ಲಿ ಅಲೆಯುತ್ತಾರೆ, ಅಲೆ ಬಂದರೆ ಹತ್ತುತ್ತಾರೆ, ಬಾರದಿದ್ದರೆ ಕಾಫಿ ಕುಡಿಯುತ್ತಾರೆ. ರಾಯರು ಇದನ್ನು ನೋಡಿ ಕಲ್ಲಾದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಗಂಡಸೊಬ್ಬ ಗೋಡೆಗೆ ಒರಗಿ ಸಮುದ್ರ ನೋಡುತ್ತಿದ್ದಾನೆ, ಯಾರೂ ಅವನ ಹೆಸರು ಬರೆದುಕೊಳ್ಳುತ್ತಿಲ್ಲ! ಇನ್ನೂ ನಾಲ್ಕು ದಿನ ಇರೋಣ ಅಂದರು. ಮಗಳು ಸೋಮವಾರ ಕೆಲಸಕ್ಕೆ ಹೊರಟಳು, ಗಂಡಹೆಂಡತಿ ಅಲ್ಲೇ ಉಳಿದರು.

ಆ ನಾಲ್ಕು ದಿನಗಳ ಬಗ್ಗೆ ಎರಡು ಪಾಠಾಂತರಗಳಿವೆ.

ರಾಯರ ಪಾಠದ ಪ್ರಕಾರ ಅವರು ಸರ್ಫಿಂಗ್ ಕಲಿತರು, ಅಲೆಯ ಮೇಲೆ ನಿಂತರು, ನಿಂತ ಕ್ಷಣದಲ್ಲಿ ಕಾಲ ಎಂಬುದೇ ಇಲ್ಲವಾಯಿತು. ಮನೆಯಾಕೆಯ ಪಾಠದಲ್ಲಿ ಕಾಲ ಇದೆ, ಬೇಕಾದಷ್ಟಿದೆ. ಅಲ್ಲಿನ ಸಮುದ್ರ ಬೇಸಿಗೆಯಲ್ಲೂ ಐಸು, ಅದಕ್ಕೆ ಮೈಗಂಟುವ ರಬ್ಬರ್ ಉಡುಪು ಹಾಕಲೇಬೇಕು. ಅದನ್ನು ಏರಿಸುವುದಕ್ಕೆ ಮೇಷ್ಟ್ರ ಜೊತೆ ಇನ್ನೊಬ್ಬ ಹುಡುಗ ಬೇಕಾಯಿತು. ಪಾಠದ ಬಹುಭಾಗ ನಡೆದದ್ದು ಮರಳಿನ ಮೇಲೆ: ಹಲಗೆ ನೆಲದಲ್ಲಿಟ್ಟು ಅಂಗಾತ ಅಲ್ಲ, ಬೋರಲು ಮಲಗಬೇಕು, ‘ಏಳಿ’ ಅಂದಾಗ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ರಾಯರು ಏಳುವಷ್ಟರಲ್ಲಿ ಜೊತೆಯ ಮಕ್ಕಳು ನೀರಿಗೆ ಹೋಗಿ ಬಂದಿದ್ದರು. ನೀರಿಗಿಳಿದ ಮೇಲೆ ಅಲೆ ಇವರನ್ನು ಎತ್ತಿತು ನಿಜ, ಇಟ್ಟದ್ದು ಮಾತ್ರ ಹಲಗೆಯಿಂದ ಸಾಕಷ್ಟು ದೂರ. ಉಡುಪು ಬಿಚ್ಚುವಾಗ ಅದು ಮೊಣಕಾಲಿಗೆ ಬಂದು ನಿಂತುಬಿಟ್ಟಿತು. ‘ಒಂದು ಕಾಲು ನಾನು, ಒಂದು ಕಾಲು ಆ ಹುಡುಗ ಹಿಡ್ಕೊಂಡು ಎಳೆದ್ವಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಇಂಥ ಕೆಲಸ ಮಾಡಿರಲಿಲ್ಲ ನಾನು’ ಎಂದು ಅವರು ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ಹೇಳುವಾಗ ರಾಯರು ಬಾಲ್ಕನಿಗೆ ಹೋಗಿ ಗಿಡಕ್ಕೆ ನೀರು ಹಾಕುತ್ತಾರೆ.

ಊಟದ ವಿಷಯ ರಾಯರ ಪಾಠದಲ್ಲಿ ಬರುವುದೇ ಇಲ್ಲ. ಆ ಊರಿನ ಹೆಮ್ಮೆಯೆಲ್ಲ ಮೀನು, ಸಿಗಡಿ, ಕಡಲ ಮುಳ್ಳುಜೀವಿ. ಶಾಕಾಹಾರಿ ದಂಪತಿ ಬದುಕಿದ್ದು ಗೊಜ್ಜವಲಕ್ಕಿ, ಚಟ್ನಿಪುಡಿ ಮತ್ತು ನಾಸಿಕದ ಚಿವಡಾದ ಬಲದಿಂದ. ಅವನ್ನೆಲ್ಲ ಕಟ್ಟಲು ಹೊರಡುವ ಹಿಂದಿನ ಒಂದು ವಾರ ಯಾರು ಅವಸರಪಟ್ಟರು ಎಂಬುದನ್ನು ನಾನು ಕೇಳಲು ಹೋಗಿಲ್ಲ.

ಮಗಳದು ಒಂದೇ ವಾಕ್ಯದ ಪಾಠ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಸೇರುವ, ಸಂಬಳದ ಅರ್ಧಭಾಗ ಬಾಡಿಗೆಗೆ ಕೊಡುವ ಹುಡುಗಿ ಫೋನಿನಲ್ಲಿ ಹೇಳಿದಳಂತೆ: ‘ಅಮ್ಮ, ಅಪ್ಪ ನೋಡಿದ್ದು ಪೋರ್ಚುಗಲ್ ಅಲ್ಲ, ಶನಿವಾರ.’

ಬಂದವರು ಬಂದ ವಾರವೇ ಸುಧಾರಣೆಗೆ ಕೈ ಹಾಕಿದರು. ಎರಿಸೇರಾದ ಮನೆಗಳಿಗೆಲ್ಲ ಬಿಳಿ ಸುಣ್ಣ, ಅಂಚಿಗೆ ನೀಲಿ ಪಟ್ಟಿ. ರಾಯರೂ ತಮ್ಮ ರೋಹೌಸಿಗೆ ಬಿಳಿ ಬಳಿಸಿ ಕಿಟಕಿ ಬಾಗಿಲ ಸುತ್ತ ನೀಲಿ ಹೊಡೆಸಿದರು. ಮನೆ ಥೇಟ್ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಂತೆ ಕಾಣಿಸಿತು. ದಿಂಡೋರಿ ಕಡೆಯ ರೈತನೊಬ್ಬ ಮಗುವನ್ನು ಎತ್ತಿಕೊಂಡು ಬಂದು, ಪೋಲಿಯೋ ಹನಿ ಇಲ್ಲೇ ಹಾಕುತ್ತಾರಾ ಎಂದು ಕೇಳಿ ಹೋದ.

ಆಮೇಲೆ ದಿನಚರಿ. ನಿಧಾನದ ಬದುಕನ್ನು ಶಿಸ್ತಿನಿಂದ ಪಾಲಿಸದಿದ್ದರೆ ಅದು ಕೈಗೆ ಸಿಗುವುದಿಲ್ಲ ಎಂದು ರಾಯರ ಮತ. ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿತು. 6.30ರಿಂದ 7.15, ಅವಸರವಿಲ್ಲದ ನಡಿಗೆ. 7.15ರಿಂದ 7.45, ಏನೂ ಮಾಡದಿರುವುದು. 7.45ಕ್ಕೆ ಸಣ್ಣ ಲೋಟದಲ್ಲಿ ಕಾಫಿ. 10ರಿಂದ 10.30, ಆಕಾಶ. ಈ ‘ಏನೂ ಮಾಡದಿರುವುದು’ ನಡೆಯುವಾಗ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಒಂದು ದಿನ ಗ್ಯಾಸಿನವನು 7.20ಕ್ಕೆ ಬಂದು ಬೆಲ್ ಒತ್ತಿದ್ದಕ್ಕೆ ರಾಯರು ಕೂಗಾಡಿದ ಕೂಗಾಟ ಕಾಲೊನಿಯ ಆಚೆ ತುದಿಗೆ ಕೇಳಿಸಿತು. ಸಮಯಕ್ಕೆ ಸರಿಯಾಗಿ ನೆಮ್ಮದಿ ಸಿಗದಿದ್ದರೆ ಅವರಿಗೆ ರಕ್ತದೊತ್ತಡ ಏರುತ್ತದೆ.

ಅವರ ಉಪದೇಶಕ್ಕೆ ಮೊದಲ ಬಲಿ ಕೆಳಮನೆಯ ಕಾಕಾ. ಇವರು ನಾಸಿಕ ಜಿಲ್ಲೆ ದಾಟಿ ಹೋದದ್ದೇ ಅಪರೂಪ. ಊಟವಾದ ಮೇಲೆ ಎಡಮಗ್ಗುಲಿಗೆ ಒರಗಿದರೆ ನಾಲ್ಕು ಗಂಟೆಯ ಚಹಾಕ್ಕೇ ಏಳುವುದು, ಸಂಜೆ ಮಾರುತಿ ಗುಡಿಯ ಕಟ್ಟೆಯ ಮೇಲೆ ಕೂತು ಲಾಸಲಗಾಂವ್ ಮಾರುಕಟ್ಟೆಯ ಈರುಳ್ಳಿ ದರದಿಂದ ಶುರುಮಾಡಿ ದಿಲ್ಲಿ ಸರ್ಕಾರ ಉರುಳಿಸುವ ತನಕ ಮಾತಾಡುವುದು, ಕತ್ತಲಾದಾಗ ಎದ್ದು ಬರುವುದು. ಇಂಥವರ ಮುಂದೆ ರಾಯರು ಕೂತು, ‘ಕಾಕಾ, ಎರಿಸೇರಾದಲ್ಲಿ ಜನ ಗಂಟೆಗಟ್ಟಲೆ ಸುಮ್ಮನೆ ಕೂರ್ತಾರೆ, ಗೊತ್ತಾ?’ ಅಂದರು.

‘ಏರಂಡೋಲಾ? ಜಳಗಾಂವ್ ಹತ್ತಿರದ್ದಾ?’

‘ಅಲ್ಲ ಕಾಕಾ, ಯುರೋಪು.’

‘ಅಷ್ಟು ದೂರ ಹೋಗಿ ಕೂತು ಬಂದ್ರಾ?’ ಕಾಕಾಗೆ ನಿಜವಾಗಿ ಮರುಕವಾಯಿತು. ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ರಾಯರು ಕೂರಲಿಲ್ಲ, 6.15ಕ್ಕೆ ಸೂರ್ಯಾಸ್ತ ಇತ್ತು.

ಸೂರ್ಯಾಸ್ತಕ್ಕೆ ಅವರು ಗಂಗಾಪುರ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಾರೆ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿದ ಗೋದಾವರಿ ಮೊದಲು ದಣಿವಾರಿಸಿಕೊಳ್ಳುವುದು ಇಲ್ಲೇ. ಆಚೀಚೆ ದ್ರಾಕ್ಷಿ ತೋಟ, ಸುಲಾ ವೈನರಿ. ರಜಾದಿನ ಮುಂಬೈ ಕಾರುಗಳೆಲ್ಲ ಕಸಾರಾ ಘಾಟಿ ಹತ್ತಿ ಇಲ್ಲಿಗೇ ಬರುತ್ತವೆ, ಲೋಟ ಹಿಡಿದು ಬೆಟ್ಟ ನೋಡುತ್ತವೆ. ಎರಿಸೇರಾದಲ್ಲಿ ಸೂರ್ಯ ಮುಳುಗಿದಾಗ ಯಾರೋ ನಾಲ್ಕು ಜನ ಚಪ್ಪಾಳೆ ತಟ್ಟಿದ್ದರಂತೆ. ರಾಯರು ಇಲ್ಲೂ ತಟ್ಟಿದರು. ಹಿನ್ನೀರಿನಲ್ಲಿ ಬಲೆ ಎಳೆಯುತ್ತಿದ್ದ ಇಬ್ಬರು, ತಮ್ಮನ್ನೇ ಕರೆಯುತ್ತಿದ್ದಾರೆಂದು ದೋಣಿ ತಿರುಗಿಸಿಕೊಂಡು ಬಂದು, ಎಷ್ಟು ಕಿಲೋ ಬೇಕು ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಈ ಊರಿಗೆ ಊರೇ ಮಿಸಳ್ ತಿನ್ನಲು ಹೊರಡುತ್ತದೆ. ಸೌದೆ ಒಲೆಯ ಮೇಲೆ ಕುದಿಯುವ ಕೆಂಪು ರಸಕ್ಕೆ ಮೊಳಕೆ ಕಾಳು, ಸೇವು, ಪಕ್ಕದಲ್ಲಿ ಪಾವು, ಮೇಲೆ ಮೊಸರು, ಹಪ್ಪಳ, ಜಿಲೇಬಿ. ಸರದಿಗೆ ಮುಕ್ಕಾಲು ಗಂಟೆ ಕಾಯಬೇಕು, ಕಾಯುವುದೂ ಹಬ್ಬವೇ, ಮಕ್ಕಳಿಗೆ ಉಯ್ಯಾಲೆ ಕಟ್ಟಿರುತ್ತಾರೆ. ರಾಯರು ಮಾತ್ರ ಪಾವು ಮುರಿಯುತ್ತ ಚರಿತ್ರೆಗೆ ಇಳಿದರು. ಪಾವು ತಂದವರು ಪೋರ್ಚುಗೀಸರು, ಮೆಣಸಿನಕಾಯಿ ತಂದವರೂ ಅವರೇ, ಆಲೂಗಡ್ಡೆಯೂ ಅವರದೇ. ‘ಅವರಿಲ್ಲದಿದ್ದರೆ ಈ ತಟ್ಟೆಯಲ್ಲಿ ಮಟಕಿ ಕಾಳು ಬಿಟ್ಟರೆ ಏನೂ ಇರ್ತಿರಲಿಲ್ಲ’ ಎಂದರು. ಎದುರಿದ್ದ ಕಾಕಾ ಎರಡನೆಯ ಸಲ ರಸ ಹಾಕಿಸಿಕೊಂಡು, ಇಷ್ಟೆಲ್ಲ ಅವರ ಹತ್ತಿರ ಇತ್ತಲ್ಲ, ಅಲ್ಲಿ ಮಿಸಳ್ ಯಾಕೆ ಮಾಡಲಿಲ್ಲ ಎಂದು ಕೇಳಿದರು. ಇದಕ್ಕೆ ಚರಿತ್ರೆಯಲ್ಲಿ ಉತ್ತರವಿಲ್ಲ.

ಚರಿತ್ರೆಯ ಇನ್ನೊಂದು ತುಣುಕನ್ನು ಅವರು ಎಲ್ಲಿ ಹೋದರೂ ಹೇಳುತ್ತಾರೆ. ಪೋರ್ಚುಗಲ್ಲಿನ ಕೊನೆಯ ರಾಜ ಎರಡನೆಯ ಮ್ಯಾನುಯೆಲ್, 1910ರ ಅಕ್ಟೋಬರ್ 5ರಂದು ಕ್ರಾಂತಿಗೆ ಹೆದರಿ ದೇಶ ಬಿಟ್ಟದ್ದು ಇದೇ ಎರಿಸೇರಾದ ಬೆಸ್ತರ ದಂಡೆಯಿಂದ, ದೋಣಿ ಹತ್ತಿ. ‘ನೋಡಿ, ಆ ಊರಿನಿಂದ ಗಡಿಬಿಡಿಯಲ್ಲಿ ಹೊರಟವನು ಚರಿತ್ರೆಯಲ್ಲೇ ಒಬ್ಬನು!’ ಇದು ಒಳ್ಳೆಯ ಮಾತು, ನಾನೂ ಮೊದಲ ಸಲ ನಕ್ಕೆ. ಇನ್ನು ಅದರಾಚೆ ನಝಾರೆ ಎಂಬ ಊರಿದೆ. ಅಲ್ಲಿ ಸಮುದ್ರದ ತಳದಲ್ಲಿ ಆಳವಾದ ಕಂದರವಿರುವುದರಿಂದ ಚಳಿಗಾಲದಲ್ಲಿ ಅಲೆಗಳು ಗುಡ್ಡದಂತೆ ಏಳುತ್ತವೆ. 2020ರಲ್ಲಿ ಸೆಬಾಸ್ಟಿಯನ್ ಸ್ಟ್ಯೂಟ್ನರ್ ಎಂಬ ಜರ್ಮನ್ ಅಲ್ಲಿ 26.21 ಮೀಟರ್ ಎತ್ತರದ ಅಲೆ ಸವಾರಿ ಮಾಡಿ ದಾಖಲೆ ಬರೆದ. ಇದನ್ನು ರಾಯರು ಹೇಳುವಾಗ ಸ್ಟ್ಯೂಟ್ನರ್ ಬಲಕ್ಕಿದ್ದ, ಇವರು ಎಡಕ್ಕಿದ್ದರು ಎಂಬ ಭಾವನೆ ಬರುತ್ತದೆ. ಇವರು ಹೋದದ್ದು ಜುಲೈ. ಆಗ ನಝಾರೆಯಲ್ಲಿ ಅಂಥ ಅಲೆ ಏಳುವುದಿಲ್ಲ. ಮಹಾ ಅಲೆಯನ್ನು ಅವರು ನೋಡಿದ್ದು ಕಾಫಿ ಅಂಗಡಿಯ ಟಿವಿಯಲ್ಲಿ.

ಉಡುಪಿ ಹೋಟೆಲಿನ ಶೆಟ್ಟರು ಮಾತ್ರ ರಾಯರಿಗೆ ಸೋಲಲಿಲ್ಲ. ರಾಯರು ಒಂದು ಕಾಫಿ ತರಿಸಿಕೊಂಡು ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಒಂದೂವರೆ ಗಂಟೆ ಕೂರುವುದನ್ನು ರೂಢಿ ಮಾಡಿಕೊಂಡರು. ಅಲ್ಲಿ ಹಾಗೇ ಕೂರುತ್ತಾರಂತೆ, ಯಾರೂ ಬಿಲ್ ತಂದಿಡುವುದಿಲ್ಲವಂತೆ. ಊಟದ ಹೊತ್ತಿನಲ್ಲಿ ಒಂದು ಟೇಬಲ್ಲಿಗೆ ನಾಲ್ಕು ಪಂಕ್ತಿ ಇಳಿಸುವ ಲೆಕ್ಕದ ಶೆಟ್ಟರು ಎರಡು ವಾರ ಸಹಿಸಿಕೊಂಡರು. ಮೂರನೆಯ ವಾರ ಗಲ್ಲಾದಿಂದ ಎದ್ದು ಬಂದು ಎದುರು ಕೂತರು.

‘ರಾಯರೇ, ಅಲ್ಲಿ ಸರ್ಫಿಂಗ್‌ಗೆ ಎಷ್ಟು ಕೊಟ್ರಿ?’

ಯೂರೋ ಲೆಕ್ಕ ಕೇಳಿ ಶೆಟ್ಟರು ಕಣ್ಣು ಮುಚ್ಚಿದರು. ‘ನಮ್ಮದು ಮೂಲ್ಕಿ ಮಾರಾಯ್ರೇ. ಅಮೆರಿಕದ ಸ್ವಾಮಿಯೊಬ್ಬರು ಅಲ್ಲಿ 2004ರಲ್ಲೇ ಆಶ್ರಮ ಮಾಡಿ, ಮಂತ್ರ ಸರ್ಫ್ ಕ್ಲಬ್ ಅಂತ ಶುರುಮಾಡಿ, ಜಪ ಮುಗಿಸಿ ಹಲಗೆ ಹಿಡ್ಕೊಂಡು ಸಮುದ್ರಕ್ಕೆ ಹೋಗ್ತಿದ್ರು. ಸರ್ಫಿಂಗ್ ಸ್ವಾಮಿ ಅಂತಲೇ ಹೆಸರು. ಪಕ್ಕದ ಸಸಿಹಿತ್ಲಿನಲ್ಲಿ 2016ರಲ್ಲಿ ದೇಶದ ದೊಡ್ಡ ಸ್ಪರ್ಧೆಯೇ ಆಯ್ತು. ನಮ್ಮ ಮೀನುಗಾರರ ಮಕ್ಕಳು ಈಗ ಗೆಲ್ತಾರೆ. ನೀರೂ ಬೆಚ್ಚಗೆ. ಆ ರಬ್ಬರ್ ಅಂಗಿ ಬೇಡವೇ ಬೇಡ.’

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನೀವು ಇಲ್ಲೇನು ಮಾಡ್ತಿದ್ದೀರಿ ಶೆಟ್ಟರೇ, ಊರಲ್ಲಿ ಇಷ್ಟೊಳ್ಳೆ ಸಮುದ್ರ ಇಟ್ಟುಕೊಂಡು?’ ಎಂದರು.

‘ನಾನಾ? ಈ ಟೇಬಲ್ ಖಾಲಿ ಆಗ್ಲಿ ಅಂತ ಕಾಯ್ತಿದ್ದೇನೆ’ ಅಂದ ಶೆಟ್ಟರು ಬಿಲ್ ಇಟ್ಟು ಹೋದರು.

ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತೇವೆ. ಮಕ್ಕಳ ನೃತ್ಯ, ನಾಡಗೀತೆ, ಬಿಸಿಬೇಳೆಬಾತು. ರಾಯರಿಗೆ ಅನುಭವ ಹೇಳಲು ಹತ್ತು ನಿಮಿಷ ಕೊಟ್ಟಿದ್ದರು. ವಿಷಯವೇ ನಿಧಾನ ಆದದ್ದರಿಂದ ಅವರು ಐವತ್ತು ನಿಮಿಷ ತೆಗೆದುಕೊಂಡರು. ಅಡುಗೆಯವರು ಎರಡು ಸಲ ಬಂದು ಬಾಗಿಲಲ್ಲಿ ಇಣುಕಿದರು, ಕೋಲಾಟಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳು ಅದೇ ಬಣ್ಣದಲ್ಲಿ ನಿದ್ದೆಹೋದರು. ಬಾತು ಬಿಸಿಯನ್ನು ಕಳೆದುಕೊಂಡು ಬರಿಯ ಬೇಳೆಬಾತಾಗಿ ಬಂತು.

ಇಷ್ಟಾದ ಮೇಲೆ ಡಿಸೆಂಬರಿನಲ್ಲಿ ಛತ್ರಪತಿ ಸಂಭಾಜಿನಗರದ ಪ್ರವಾಸ. 2023ರವರೆಗೆ ಔರಂಗಾಬಾದ್ ಎಂದಿದ್ದ ಆ ಊರಿನಲ್ಲಿ, ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ, ರಾಯರ ಭಾಮೈದನ ಕೆಲಸ. ಮುಂಬೈನಿಂದ ಬರುವ ವಂದೇ ಭಾರತ್ ನಾಸಿಕ ರೋಡ್‌ನಲ್ಲಿ ನಿಂತು ಮೂರು ಗಂಟೆಯೊಳಗೆ ಅಲ್ಲಿಗೆ ಮುಟ್ಟಿಸುತ್ತದೆ. ರಾಯರು ಅದನ್ನು ತಿರಸ್ಕರಿಸಿದರು. ಗಾಜಿನ ಹಿಂದೆ ಕೂತು ಊರುಗಳನ್ನು ಒರೆಸಿಕೊಂಡು ಹೋಗುವುದು ಪ್ರಯಾಣವೇ ಅಲ್ಲವಂತೆ. ಎಸ್‌ಟಿಯ ಕೆಂಪು ಬಸ್ಸು, ಮರಾಠಿಗರ ‘ಲಾಲ್ ಪರಿ’ಯೇ ಸರಿ, ಮನಸ್ಸು ಬಂದಲ್ಲಿ ಇಳಿಯೋಣ, ಮತ್ತೆ ಹತ್ತೋಣ ಎಂದರು. ಹೆಂಡತಿ ವಾದಿಸಲಿಲ್ಲ. ಇದೇ ಎಚ್ಚರಿಕೆಯ ಗಂಟೆಯಾಗಬೇಕಿತ್ತು.

ಆಕೆಗೆ ಮನಸ್ಸು ಬಂದದ್ದು ಯೇವಲೆಯಲ್ಲಿ. ಪೈಠಣಿ ಸೀರೆಯ ಊರು ಅದು. ಕಲೆ ಹುಟ್ಟಿದ್ದು ಕೆಳಗೆ ಗೋದಾವರಿ ದಂಡೆಯ ಪೈಠಣದಲ್ಲಿ, ಬೆಳೆದದ್ದು ಇಲ್ಲಿ. ಮಗ್ಗದ ಮೇಲೆ ಕೂತ ನೇಕಾರ ಸೆರಗಿನ ನವಿಲನ್ನು ಒಂದೊಂದೇ ಎಳೆ ಕೈಯಲ್ಲಿ ಸಿಕ್ಕಿಸಿ ನೇಯುತ್ತಿದ್ದ. ದಿನವಿಡೀ ಕೂತರೂ ಬೆಳೆಯುವುದು ಇಷ್ಟೇ ಇಷ್ಟು. ತುಂಬು ಕುಸುರಿಯ ಸೀರೆಗೆ ತಿಂಗಳುಗಟ್ಟಲೆ ಬೇಕು. ರಾಯರು ಕಣ್ತುಂಬಿಕೊಂಡರು. ‘ಇದು! ಇದನ್ನೇ ನಾನು ಹೇಳ್ತಿದ್ದದ್ದು. ನಿಧಾನಕ್ಕೆ ಬೆಲೆ ಕಟ್ಟೋಕಾಗಲ್ಲ!’

‘ಕಟ್ಟಿದಾರೆ, ಇಲ್ಲಿ ಚೀಟಿ ಇದೆ’ ಅಂದರು ಆಕೆ.

ಚೀಟಿ ಓದಿದ ರಾಯರು, ಮಿಲ್ಲಿನಲ್ಲಿ ನೇಯ್ದದ್ದೂ ಹೀಗೇ ಕಾಣುತ್ತದಲ್ಲವೇ, ಬೇಗ ಆಗುತ್ತದಲ್ಲವೇ ಎಂದು ಅಂಗಡಿಯವನನ್ನು ತಗ್ಗಿದ ದನಿಯಲ್ಲಿ ಕೇಳಿದರು. ಆಕೆ ನೇರಳೆ ಮೈಯ, ಹಸಿರು ಅಂಚಿನದನ್ನು ಆರಿಸಿದರು. ಗಂಡ ಬೇಗ ಬೇಗ ಅನ್ನುತ್ತಿದ್ದ ಮೂವತ್ತೈದು ವರ್ಷ ಅವರು ಒಂದು ಸೀರೆಯನ್ನೂ ಪೂರ್ತಿ ಬಿಡಿಸಿ ನೋಡಿರಲಿಲ್ಲ. ಅವತ್ತು ಅಂಗಡಿಯ ಹಾಸಿನ ಮೇಲೆ ನಲವತ್ತು ಬಿಡಿಸಿಸಿದರು. ಎರಡು ಬಸ್ಸು ಹೋದವು.

ಸಂಭಾಜಿನಗರದಲ್ಲಿ ಭಾಮೈದ ಬೆಳಿಗ್ಗೆ, ಎಲ್ಲಿಗೆ ಹೋಗೋಣ ಭಾವ, ಎಂದು ಕೇಳಿದ. ಯೋಜನೆ ಗೀಜನೆ ಬೇಡ, ತಾರೀಖು ವಾರ ಯಾವುದನ್ನೂ ನೋಡಬೇಡ, ಗಾಡಿ ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಗೆ ಎಂದರು ರಾಯರು. ಗಾಡಿ ಎಲ್ಲೋರಕ್ಕೆ ಕರೆದೊಯ್ದಿತು. ಬಾಗಿಲು ಮುಚ್ಚಿತ್ತು. ಅವತ್ತು ಮಂಗಳವಾರ. ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ. ಇದು ಆ ಊರಿನ ಕೂಸಿಗೂ ಗೊತ್ತು.

‘ನೀನಾದರೂ ಹೇಳಬಾರದಾ?’

‘ವಾರ ನೋಡಬೇಡ ಅಂದ್ರಲ್ಲ ಭಾವ’ ಎಂದ ಭಾಮೈದ. ಅವನು ಅಕ್ಕನ ತಮ್ಮ.

ಒಳಗಿದ್ದದ್ದು ಕೈಲಾಸನಾಥ. ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು, ಲಕ್ಷಗಟ್ಟಲೆ ಟನ್ ಕಲ್ಲು ತೆಗೆದು ಹೊರಗೆ ಹಾಕಿ, ಉಳಿದದ್ದನ್ನು ದೇವಾಲಯ ಎಂದರು. ಶಿಖರ ಮೊದಲು, ಪಾಯ ಕೊನೆಗೆ. ಒಂದು ಏಟು ತಪ್ಪಿದರೆ ಬದಲಿ ಕಲ್ಲಿಲ್ಲ. ರಾಯರು ಕಾವಲುಗಾರನಿಗೆ ಇದನ್ನೆಲ್ಲ ಹಿಂದಿಯಲ್ಲಿ ವಿವರಿಸಿ, ಇದನ್ನು ಕಟ್ಟಿಸಿದವರು ನಮ್ಮ ಕಡೆಯವರು, ಹತ್ತೇ ನಿಮಿಷ ಬಿಡಿ ಎಂದು ಕೇಳಿಕೊಂಡರು. ಅವನು ಕುರ್ಚಿಯಿಂದ ಏಳದೆ, ಇನ್ನೂರು ಮುನ್ನೂರು ಮೈಲಿ ದೂರದವರೂ ಹೀಗೇ ಹೇಳುತ್ತಾರೆ ಸಾಹೇಬ್, ಬುಧವಾರ ಬನ್ನಿ ಅಂದ. ಪಕ್ಕದ ಘೃಷ್ಣೇಶ್ವರನಿಗೆ ರಜೆಯಿಲ್ಲ, ದರ್ಶನ ಮಾಡಿ ಬಂದರು. ಸರದಿ ಬಹಳ ನಿಧಾನವಾಗಿತ್ತು ಎಂದು ರಾಯರು ದೂರಿದರು.

ಮರುದಿನ ಪೈಠಣದ ಜಾಯಕವಾಡಿ. ನಾಥಸಾಗರ ಎಂದು ಅದಕ್ಕೆ ಇನ್ನೊಂದು ಹೆಸರು. 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಹತ್ತು ಕಿಲೋಮೀಟರ್ ಉದ್ದದ ಮಣ್ಣಿನ ಕಟ್ಟೆ, ಅದರ ಹಿಂದೆ ಕಣ್ಣು ಹಾಯುವ ತನಕ ನೀರು. ಗಾಳಿಗೆ ಮೊಣಕಾಲೆತ್ತರದ ಅಲೆ ಏಳುತ್ತಿತ್ತು. ರಾಯರು ಪ್ಯಾಂಟು ಮಡಿಸಿ ನಿಂತರು. ಭಾಮೈದ ಪಕ್ಕದಲ್ಲಿ ನಿಂತು, ‘ನೋಡಿ ಭಾವ, ಈ ನೀರಿಗೂ ನಿಮ್ಮೂರಿನ ಅಪ್ಪಣೆ ಬೇಕು’ ಎಂದ. ಇದು ಅಲ್ಲಿನ ಹಳೆಯ ಗಾಯ. ಗೋದಾವರಿಗೆ ನಾಸಿಕದ ಮೇಲೆ ಒಂದರ ಹಿಂದೊಂದು ಅಣೆಕಟ್ಟು. ಮಳೆ ಕಡಿಮೆಯಾದ ವರ್ಷ ಮೇಲಿನವರು ನೀರು ಬಿಡಬೇಕೋ ಬೇಡವೋ ಎಂದು ಕೋರ್ಟು, ಚಳವಳಿ, ರಸ್ತೆ ತಡೆ. ದ್ರಾಕ್ಷಿಗೆ ನೀರು ಬೇಕು ಎಂದು ನಾಸಿಕ, ಕುಡಿಯಲು ಬೇಕು ಎಂದು ಮರಾಠವಾಡಾ. ಅಲೆಯ ಬಗ್ಗೆ ಹೇಳಲು ಬಾಯಿ ತೆರೆದಿದ್ದ ರಾಯರು ಪ್ಯಾಂಟು ಇಳಿಸಿಕೊಂಡು, ಗಂಗಾಪುರದ ರೈತರ ಪರವಾಗಿ ಅರ್ಧ ಗಂಟೆ ವಾದಿಸಿದರು.

ಇನ್ನೂ ತಮಾಷೆಯೆಂದರೆ ಇಷ್ಟು ನೀರು ಐವತ್ತು ಕಿಲೋಮೀಟರ್ ದೂರದಲ್ಲಿದ್ದೂ ನಗರದ ನಲ್ಲಿಗೆ ಬರುವುದು ವಾರಕ್ಕೊಮ್ಮೆ. ‘ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ 1610ರಲ್ಲಿ ಈ ಊರು ಕಟ್ಟಿ, ನೆಲದೊಳಗೆ ಕಾಲುವೆ ತೆಗೆದು ಮನೆ ಹತ್ತಿರಕ್ಕೆ ನೀರು ತಂದ. ಅವನಿಗೆ ಟೆಂಡರ್ ಕರೆಯೋದು ಗೊತ್ತಿರಲಿಲ್ಲ, ಅದಕ್ಕೇ ಬೇಗ ಆಯ್ತು’ ಎಂಬುದು ಭಾಮೈದನ ವ್ಯಾಖ್ಯಾನ.

ಅಂದು ರಾತ್ರಿ ನೀರಿನ ಸರದಿ. ಎಷ್ಟು ಗಂಟೆಗೆ ಅನ್ನುವುದು ನಲ್ಲಿಗೇ ಗೊತ್ತು. ನೀರು ಬಂದಾಗ ಎದ್ದರಾಯಿತು, ಅಲೆಗಾಗಿ ಕಾಯುವುದನ್ನು ಕಲಿಯಬೇಕು ಎಂದು ಉಪದೇಶ ಮಾಡಿ ರಾಯರು ಮಲಗಿದರು. ಎರಡೂವರೆಗೆ ನಲ್ಲಿಯಲ್ಲಿ ಗಾಳಿ ಕೊರೆಯುವ ಸದ್ದು. ಮೊದಲು ಎದ್ದವರು ರಾಯರೇ, ಅದೂ ಮರಳಿನ ಮೇಲೆ ಸಾಧ್ಯವಾಗದ ಆ ಒಂದೇ ನೆಗೆತಕ್ಕೆ. ‘ಮೋಟರ್! ಮೋಟರ್ ಹಾಕು! ಸಂಪಿನ ಮುಚ್ಚಳ ಯಾರು ತೆಗೀತಾರೆ? ಮೊದಲು ಕುಡಿಯೋ ನೀರು, ಆಮೇಲೆ ಡ್ರಮ್ಮು!’ ಮೂವತ್ತು ವರ್ಷದ ಶಿಫ್ಟು ಮೈಯೊಳಗೆ ಕೂಗಿಕೊಂಡಿತು. ನಾಲ್ಕು ಅಂತಸ್ತಿನ ಆ ಕಟ್ಟಡದಲ್ಲಿ ಪ್ರತಿ ವಾರ ಯಾರದ್ದಾದರೂ ಟ್ಯಾಂಕು ತುಂಬಿ ಹರಿದು, ಯಾರದ್ದಾದರೂ ಬರಿದಾಗಿ, ಬೆಳಗಿನ ಜಾವ ಜಗಳ ಆಗುತ್ತಿತ್ತು. ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ನಿಂತ ರಾಯರು ಪೈಪುಗಳನ್ನು ಮನೆವಾರು ಹಂಚಿ, ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ ಎಂದು ಗೊತ್ತುಮಾಡಿ, ವಾಚು ಹಿಡಿದು ‘ನೆಕ್ಸ್ಟ್!’ ಎಂದು ಕೂಗತೊಡಗಿದರು. ಎರಡನೆಯ ಮಹಡಿಯ ಪ್ರೊಫೆಸರರು ಹದಿಮೂರನೆಯ ನಿಮಿಷಕ್ಕೆ ಪೈಪು ಬಿಡದಿದ್ದಾಗ ಅವರ ಪೈಪನ್ನು ಕಿತ್ತರು. ನೀರು ನಿಲ್ಲುವ ಹೊತ್ತಿಗೆ ಎಲ್ಲರ ಟ್ಯಾಂಕೂ ತುಂಬಿತ್ತು. ಕಟ್ಟಡದ ಇತಿಹಾಸದಲ್ಲಿ ಮೊದಲ ಸಲ ಯಾರೂ ಯಾರ ತಾಯಿಯ ಹೆಸರನ್ನೂ ತೆಗೆಯಲಿಲ್ಲ.

ಮನೆಯಾಕೆ ಮೆಟ್ಟಿಲ ಮೇಲೆ ಕೂತು, ತಮ್ಮನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದರು. ಸಣ್ಣ ಲೋಟವಲ್ಲ, ದೊಡ್ಡದು. ‘ಏನ್ರೀ, ಸ್ವಲ್ಪ ಕೂತ್ಕೊಳ್ಳಿ, ಆಕಾಶ ಚೆನ್ನಾಗಿದೆ’ ಅಂದರು. ರಾಯರು ಮೇಲೆ ನೋಡಲಿಲ್ಲ. ಓವರ್‌ಹೆಡ್ ಟ್ಯಾಂಕಿನ ತೇಲುಬುರುಡೆ ಸರಿಯಾಗಿ ಕೂತಿಲ್ಲ ಎಂದು ಏಣಿ ಕೇಳುತ್ತಿದ್ದರು.

ಆಮೇಲಿನಿಂದ ಆ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೆ ರಾಯರೂ ಸದಸ್ಯರು. ನೀರಿನ ಪಟ್ಟಿ ತಯಾರಿಸಿ ಕಳಿಸುವವರು ಅವರೇ. ನೀರು ಬರುವ ಹಿಂದಿನ ದಿನ ಭಾಮೈದ ಫೋನ್ ಮಾಡುತ್ತಾನೆ: ‘ಭಾವ, ಸರ್ಫಿಂಗ್‌ಗೆ ಬರ್ತೀರಾ?’ ರಾಯರು ಚೀಲ ಹೆಗಲಿಗೇರಿಸುತ್ತಾರೆ. ಮೊನ್ನೆ ನಾಸಿಕ ರೋಡ್ ನಿಲ್ದಾಣದಲ್ಲಿ ಸಿಕ್ಕಿದ್ದರು, ವಂದೇ ಭಾರತ್‌ಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಉದ್ದಗಲ ಅಳೆಯುತ್ತಿದ್ದರು. ಲಾಲ್ ಪರಿ ಬಿಟ್ಟುಬಿಟ್ರಾ ಎಂದು ಕೇಳಿದೆ.

‘ಬಸ್ಸಾ? ಅದು ಹೋಗಿ ಮುಟ್ಟೋ ಹೊತ್ತಿಗೆ ನಲ್ಲಿ ನಿಂತಿರುತ್ತೆ ರೀ’ ಎಂದವರು ವಾಚು ನೋಡಿಕೊಂಡರು. ‘ಆಗಲೇ ನಾಲ್ಕು ನಿಮಿಷ ಲೇಟು. ಛೆ.’